ನಕ್ಷೆಯ ಅಂಚನ್ನು ಕತ್ತರಿಸಿದವರಿಗೆ

ನಮಸ್ಕಾರ.

ಹಳೆಯ ನಕ್ಷೆ ಹಿಡಿದು ನಿಮ್ಮ ಬಡಾವಣೆಯ ಚರಿತ್ರೆ ಹುಡುಕಿದ ಲೇಖನವನ್ನು ಎರಡು ಸಲ ಓದಿದೆ. ಹದಿನಾಲ್ಕು ಪುಟ, ಆರು ಚಿತ್ರ. ಭಾಷೆ ಸಲೀಸಾಗಿದೆ, ಕಾಗುಣಿತದ ತಪ್ಪಿಲ್ಲ, ಮೇಜಿನ ಮುಂದೆ ಕೂತು ಬರೆಯದೆ ಬೀದಿಗಳಲ್ಲಿ ನಡೆದು ನೋಡಿದ್ದೀರಿ. ಅಷ್ಟು ಮಾಡುವವರೇ ಕಡಿಮೆ. ಹೊಗಳಿಕೆ ಇಲ್ಲಿಗೆ ಮುಗಿಯಿತು. ಲೇಖನವನ್ನು ಹೀಗೇ ಅಚ್ಚಿಗೆ ಕಳಿಸಲಾರೆ. ಕಾರಣವನ್ನು ನಿಮಗಷ್ಟೇ ಪತ್ರ ಬರೆದು ಹೇಳಬಹುದಿತ್ತು; ಆದರೆ ಇದೇ ತಪ್ಪನ್ನು ಹೊತ್ತ ಬರಹಗಳು ಮತ್ತೆ ಮತ್ತೆ ಮೇಜಿಗೆ ಬರುತ್ತಿವೆ. ಹಾಗಾಗಿ ನಿಮ್ಮ ಹೆಸರು, ಬಡಾವಣೆಯ ಹೆಸರು ಎರಡನ್ನೂ ಬಿಟ್ಟು ಇಲ್ಲೇ ಬರೆಯುತ್ತಿದ್ದೇನೆ.

ಮೂರನೇ ಪುಟದ ಸಾಲಿನಿಂದ ಶುರು ಮಾಡುತ್ತೇನೆ: “1914ರ ನಕ್ಷೆಯಲ್ಲಿ ಕಾರ್ಖಾನೆಯತ್ತ ಹೋಗುವ ಕವಲು ಹಳಿ ಸ್ಪಷ್ಟವಾಗಿದೆ, ಆದರೆ ಸುತ್ತ ಒಂದು ಮನೆಯೂ ಇಲ್ಲ. ಅಂದರೆ ಹಳಿ ಮೊದಲು ಬಂತು, ಜನ ಆಮೇಲೆ ಬಂದರು.” ನಿಮ್ಮ ಇಡೀ ಲೇಖನ ಈ ಎರಡು ವಾಕ್ಯದ ಮೇಲೆ ನಿಂತಿದೆ.

ಆರು ಚಿತ್ರಗಳಲ್ಲಿ ಐದಕ್ಕೆ ಅಂಚೇ ಇಲ್ಲ. ಅಂದವಾಗಿ ಕಾಣಲಿ ಎಂದು ಚೌಕಟ್ಟಿನ ಗೆರೆಗೆ ಸರಿಯಾಗಿ ಕತ್ತರಿಸಿದ್ದೀರಿ. ಆರನೆಯದರಲ್ಲಿ ಮಾತ್ರ ಎಡಗಡೆಯ ಕೆಳಮೂಲೆ ಹೇಗೋ ಉಳಿದುಕೊಂಡಿದೆ. ದೊಡ್ಡದು ಮಾಡಿ ನೋಡಿದೆ. ಅಲ್ಲಿ ಮೂರು ಸಾಲಿವೆ: ಅಳತೆ 1881–82, ಮುದ್ರಣ 1885, ಮರುಮುದ್ರಣ 1914 (ರೈಲು ಮಾರ್ಗಗಳನ್ನು ಅಲ್ಲಿಯವರೆಗೆ ತಿದ್ದಿದೆ). ನಿಮ್ಮ 1914 ಬಂದದ್ದು ಆ ಮೂರನೆಯ ಸಾಲಿನಿಂದ.

ಈಗ ನಿಮ್ಮ ವಾಕ್ಯವನ್ನು ಇನ್ನೊಮ್ಮೆ ಓದಿ. ಹಳಿ 1914ರವರೆಗಿನದು. ಮನೆಯಿಲ್ಲದ ಬಯಲು 1882ರದು. ಮೂವತ್ತೆರಡು ವರ್ಷದ ಅಂತರ ಒಂದೇ ಹಾಳೆಯಲ್ಲಿ ಒಂದೇ ಶಾಯಿಯಲ್ಲಿ ಕೂತಿದೆ. ನೀವು ಅದನ್ನು ಒಂದೇ ದಿನ ತೆಗೆದ ಫೋಟೋದಂತೆ ಓದಿದಿರಿ. ಜನ ಮೊದಲು ಬಂದು ನೆಲೆಸಿ, ಅವರ ಹಿತ್ತಲನ್ನು ಸೀಳಿಕೊಂಡು ಆಮೇಲೆ ಹಳಿ ಬಂದಿದ್ದರೂ ಈ ಹಾಳೆ ಹೀಗೇ ಕಾಣುತ್ತಿತ್ತು. ಯಾವುದು ಮೊದಲು ಎಂಬ ಪ್ರಶ್ನೆಗೆ ಈ ನಕ್ಷೆಯಲ್ಲಿ ಉತ್ತರವೇ ಇಲ್ಲ.

ಹೀಗೆ ಆಗುವುದಕ್ಕೆ ಕಾರಣ ಸರಳ. ತಾಮ್ರದ ತಗಡಿನ ಮೇಲೆ ಕೊರೆದ ನಕ್ಷೆಯನ್ನು ಪೂರ್ತಿ ಹೊಸದಾಗಿ ಅಳೆದು ಕೊರೆಯುವುದು ವರ್ಷಗಟ್ಟಲೆಯ ಕೆಲಸ. ಹಳಿ ಮಾತ್ರ ಸೇರಿಸುವುದು ಸುಲಭ, ಕೊಳ್ಳುವವರಿಗೆ ಬೇಕಾದದ್ದೂ ಅದೇ. ಬ್ರಿಟನ್ನಿನ ಸರಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಹಳೆಯ, ನೆಲದ ಒಂದು ಮೈಲಿಯನ್ನು ಒಂದಂಗುಲದಲ್ಲಿ ತೋರಿಸುವ ಹಾಳೆಗಳಲ್ಲಿ ‘ಇಂಥ ವರ್ಷದವರೆಗಿನ ರೈಲು ಮಾರ್ಗಗಳನ್ನು ಸೇರಿಸಿದೆ’ ಎಂಬ ಸಾಲು ಅಂಚಿನಲ್ಲಿ ಇರುವುದುಂಟು. ಊರು, ತೋಟ, ಕಾಲುದಾರಿ ಎಲ್ಲ ದಶಕಗಳ ಹಿಂದಿನವು, ಹಳಿ ಮಾತ್ರ ಹೊಸದು. ಅಮೆರಿಕದಲ್ಲಿ 1867ರಿಂದ ಸ್ಯಾನ್‌ಬಾರ್ನ್ ಕಂಪನಿ ಮಾಡುತ್ತಿದ್ದ ಬೆಂಕಿವಿಮೆಯ ನಕ್ಷೆಗಳ ಕಥೆ ಇನ್ನೂ ತೊಡಕಿನದು. ಒಂದಂಗುಲಕ್ಕೆ 50 ಅಡಿ ಸ್ಕೇಲು, ಇಟ್ಟಿಗೆಯ ಕಟ್ಟಡಕ್ಕೆ ಗುಲಾಬಿ, ಮರದ್ದಕ್ಕೆ ಹಳದಿ. ಬದಲಾದ ಕಟ್ಟಡದ ಮೇಲೆ ಹೊಸ ಚೂರು ಕಾಗದ ಅಂಟಿಸುತ್ತಿದ್ದರು. ಮುಖಪುಟದ ವರ್ಷ ಒಂದು, ಅಂಟಿಸಿದ ಚೂರುಗಳ ವರ್ಷ ಬೇರೆ. ಅಡ್ಡ ಬೆಳಕು ಬಿಟ್ಟರೆ ಚೂರಿನ ಅಂಚು ಎದ್ದು ಕಾಣುತ್ತದೆ. ಕಪ್ಪುಬಿಳುಪು ಮೈಕ್ರೋಫಿಲ್ಮ್ ಪ್ರತಿಯಲ್ಲಿ ಅಂಚೂ ಹೋಯಿತು, ಬಣ್ಣವೂ ಹೋಯಿತು.

ನಾನು ಕೆಲಸ ಕಲಿತ ಮೇಜಿನಲ್ಲಿ ಇದಕ್ಕೊಂದು ಕಟ್ಟಳೆ ಇತ್ತು. ನಕ್ಷೆಯ ಮೇಲೆ ದಪ್ಪ ಕಾಗದ ಮುಚ್ಚಿ ಅಂಚು ಮಾತ್ರ ಕಾಣುವಂತೆ ಇಡುತ್ತಿದ್ದರು. ಅಳತೆಯ ವರ್ಷ, ತಿದ್ದಿದ ವರ್ಷ, ಅಚ್ಚಿನ ವರ್ಷ, ಮರುಮುದ್ರಣದ ವರ್ಷ, ಸ್ಕೇಲು, ಯಾರಿಗಾಗಿ ಮಾಡಿದ್ದು, ಯಾವ ರೇಖಾಂಶವನ್ನು ಸೊನ್ನೆ ಎಂದು ಹಿಡಿದಿದ್ದು, ಇಷ್ಟನ್ನೂ ಕೈಯಲ್ಲಿ ಬರೆದು ತೋರಿಸಿದ ಮೇಲೆ ಕಾಗದ ತೆಗೆಯುವುದು. ರೇಖಾಂಶ ಎಂದು ಮೂಗು ಮುರಿಯಬೇಡಿ. ಗ್ರೀನಿಚ್ ಎಲ್ಲರ ಸೊನ್ನೆ ಎಂದು ವಾಷಿಂಗ್ಟನ್ ಸಮ್ಮೇಳನ ಠರಾವು ಮಾಡಿದ್ದೇ 1884ರಲ್ಲಿ. ಅದಕ್ಕೂ ಹಿಂದೆ, ಎಷ್ಟೋ ಕಡೆ ಅದರ ನಂತರವೂ, ಪ್ಯಾರಿಸ್ಸಿನಿಂದಲೋ ಕ್ಯಾನರಿ ದ್ವೀಪಗಳ ಫೆರ್ರೋದಿಂದಲೋ ಎಣಿಸಿದ ಹಾಳೆಗಳಿವೆ. ಆಗ ನನಗೂ ಈ ಕಟ್ಟಳೆ ಕಿರಿಕಿರಿಯಾಗಿತ್ತು. ಇವತ್ತು ಅಂಚು ಕತ್ತರಿಸಿದ ಚಿತ್ರ ಬಂದರೆ, ಸಹಿಯ ಜಾಗ ಹರಿದುಹೋದ ಕ್ರಯಪತ್ರ ಕೈಗೆ ಬಂದಂತಾಗುತ್ತದೆ.

“ಒಂದು ಮನೆಯೂ ಇಲ್ಲ” ಎಂಬ ಅರ್ಧ ಸಾಲನ್ನೂ ಬಿಡಲಾರೆ. ನಿಮ್ಮದು ಮೈಲಿಗೆ ಒಂದಂಗುಲದ ನಕ್ಷೆ, ಅಂದರೆ 1:63,360. ಕಾಗದದ ಒಂದು ಮಿಲಿಮೀಟರ್ ನೆಲದ ಮೇಲೆ 63 ಮೀಟರ್. ಒಂಬತ್ತು ಮೀಟರ್ ಅಗಲದ ಮನೆ ಅಲ್ಲಿ 0.14 ಮಿ.ಮೀ. ಆಗುತ್ತದೆ, ಸೂಜಿಯ ಮೊನೆಯಲ್ಲಿ ಚುಚ್ಚಿದಷ್ಟೂ ಇಲ್ಲ. ಹತ್ತಾರು ಮನೆ ಒತ್ತೊತ್ತಾಗಿದ್ದರೆ ಒಂದು ಕಪ್ಪು ಅಚ್ಚು ಹಾಕುತ್ತಾರೆ, ಚದುರಿದ ಮನೆಗಳನ್ನು ಎಷ್ಟೋ ಸಲ ಬಿಟ್ಟುಬಿಡುತ್ತಾರೆ. ಹಾಗಾಗಿ ನೀವು ಬರೆಯಬಹುದಾಗಿದ್ದುದು ಇಷ್ಟೇ: ‘1882ರಲ್ಲಿ ಇಲ್ಲಿ, ನಕ್ಷೆಗೆ ಸಿಕ್ಕುವಷ್ಟು ದಟ್ಟವಾದ ವಸತಿ ಇರಲಿಲ್ಲ.’ ಪುಸ್ಸೆನ್ನುವ ವಾಕ್ಯ, ಒಪ್ಪುತ್ತೇನೆ. ಆದರೆ ಅದು ನಿಲ್ಲುತ್ತದೆ. ವಿಮೆಯ ನಕ್ಷೆಗಳಲ್ಲಿ ಈ ಮೋಸ ಇನ್ನೊಂದು ಬಗೆಯದು: ಅವು ವಿಮೆ ಇಳಿಸಬಹುದಾದ ಕಟ್ಟಡಗಳು ದಟ್ಟವಾಗಿದ್ದ ಭಾಗವನ್ನಷ್ಟೇ ಹಿಡಿಯುತ್ತಿದ್ದವು. ಹಾಳೆಯ ಆಚೆ ಬಯಲಿರಲಿಲ್ಲ, ಕಂಪನಿಗೆ ಬೇಡವಾದ ಬೀದಿಗಳಿದ್ದವು. ಐದನೇ ಪುಟದಲ್ಲಿ ಕೆರೆ ‘ಚಿಕ್ಕದಿತ್ತು’ ಎಂದಿದ್ದೀರಲ್ಲ, ಅದೂ ಇದೇ ಜಾತಿಯ ತಪ್ಪು. ನೀರಿನ ಗೆರೆ ಅಳತೆ ನಡೆದ ತಿಂಗಳನ್ನು ಹೇಳುತ್ತದೆ. ಏರಿಯ ಗೆರೆಯನ್ನು ನಂಬಿ.

ಇನ್ನು ಎಂಟನೇ ಪುಟ. ಇಲ್ಲಿ ನಿಜಕ್ಕೂ ರೇಗಿತು. “ಹಳೆಯ ನಕ್ಷೆಯನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಮೂರು ಬಿಂದುಗಳಿಂದ ಕೂರಿಸಿದೆ. ದೋಷ ಸೊನ್ನೆ ಬಂತು. ಮುಖ್ಯ ರಸ್ತೆ 22 ಮೀಟರ್ ಪೂರ್ವಕ್ಕೆ ಸರಿದಿರುವುದು ಇದರಿಂದ ಸಾಬೀತಾಗುತ್ತದೆ.”

ಸೊನ್ನೆ ಬಂದದ್ದು ನಿಮ್ಮ ಜಾಣತನದಿಂದಲ್ಲ. ಹಳೆಯ ಹಾಳೆಯನ್ನು ಇಂದಿನ ನೆಲೆಗೆ ಕೂರಿಸಬಲ್ಲ ತಂತ್ರಾಂಶ ಕ್ಯೂಜಿಐಎಸ್‌ನ ಜಿಯೋರೆಫರೆನ್ಸರ್‌ನಲ್ಲಿ ಪಾಲಿನಾಮಿಯಲ್ 1 (ಹಾಳೆಯನ್ನು ಸರಿಸಿ, ತಿರುಗಿಸಿ, ಓರೆ ಮಾಡಿ, ಎರಡು ದಿಕ್ಕಿಗೂ ಬೇರೆ ಬೇರೆಯಾಗಿ ಹಿಗ್ಗಿಸಿ ಕೂರಿಸುವ ಲೆಕ್ಕ) ಎಂದು ಆರಿಸಿದರೆ ಅದಕ್ಕೆ ಬೇಕಾದದ್ದೇ ಮೂರು ಬಿಂದು, ಅಂದರೆ ನಕ್ಷೆಯಲ್ಲೂ ಇಂದಿನ ಚಿತ್ರದಲ್ಲೂ ಗುರುತಿಸಿದ ಮೂರು ಜಾಗ. ಯಾವ ಮೂರು ಕೊಟ್ಟರೂ, ತಪ್ಪು ಜಾಗ ಒತ್ತಿದರೂ, ಲೆಕ್ಕ ಸರಿಯಾಗಿ ಕೂತು ಸೊನ್ನೆಯನ್ನೇ ತೋರಿಸುತ್ತದೆ. ಪಾಲಿನಾಮಿಯಲ್ 2ಕ್ಕೆ ಆರು, 3ಕ್ಕೆ ಹತ್ತು. ಅಷ್ಟಕ್ಕಷ್ಟೇ ಕೊಟ್ಟರೆ ಅಲ್ಲೂ ಸೊನ್ನೆಯೇ. ಥಿನ್ ಪ್ಲೇಟ್ ಸ್ಪ್ಲೈನ್ ಎಂಬ ಆಯ್ಕೆ ಇನ್ನೂ ಅಪಾಯ: ನೂರು ಬಿಂದು ಕೊಟ್ಟರೂ ನಕ್ಷೆಯನ್ನು ರಬ್ಬರಿನಂತೆ ಎಳೆದು ಪ್ರತಿಯೊಂದರ ಮೇಲೂ ಕೂರಿಸುತ್ತದೆ, ನಡುವಿನ ಬೀದಿಗಳು ಎತ್ತ ಸೊಟ್ಟಗಾದವೋ ದೇವರೇ ಬಲ್ಲ. ಕನಿಷ್ಠ ಹನ್ನೆರಡು ಬಿಂದು ಗುರುತಿಸಿ, ಒಂಬತ್ತನ್ನು ಲೆಕ್ಕಕ್ಕೆ ಕೊಡಿ, ಮೂರನ್ನು ಅಡಗಿಸಿಟ್ಟುಕೊಳ್ಳಿ. ನಕ್ಷೆ ಕೂತ ಮೇಲೆ ಆ ಮೂರು ಎಷ್ಟು ದೂರ ಬಿದ್ದಿವೆ ಎಂದು ಅಳೆಯಿರಿ. ನಿಮ್ಮ ದೋಷ ಅದು.

ನಿಮ್ಮ ಮೂರು ಬಿಂದುಗಳಾದರೋ, ರೈಲು ನಿಲ್ದಾಣ, ಸೇತುವೆ ಮತ್ತು ಚರ್ಚು, ಹಾಳೆಯ ಒಂದೇ ಮೂಲೆಯಲ್ಲಿ ಬೆಂಕಿಪೊಟ್ಟಣ ಮುಚ್ಚುವಷ್ಟು ಜಾಗದಲ್ಲಿವೆ. ಅಲ್ಲಿ ಕೂದಲೆಳೆಯಷ್ಟು ತಪ್ಪಿದರೆ ಹಾಳೆಯ ಆಚೆ ತುದಿಯಲ್ಲಿ ಅದು ಹಲವು ಪಟ್ಟು ಬೆಳೆದಿರುತ್ತದೆ. ಬಿಂದುಗಳು ನಾಲ್ಕು ಅಂಚಿಗೂ ನಡುವಿಗೂ ಹರಡಿರಬೇಕು. ರಸ್ತೆಯ ಅಂಚನ್ನು ಹಿಡಿಯಬೇಡಿ, ಅಗಲ ಮಾಡಿರುತ್ತಾರೆ; ಕೂಡುರಸ್ತೆಯ ನಡುವನ್ನು ಹಿಡಿಯಿರಿ. ಹೊಳೆಯ ದಡ, ಮರ ಬೇಡ. ಎಲ್ಲಕ್ಕಿಂತ ಒಳ್ಳೆಯದು ತ್ರಿಕೋನದ ಗುರುತಿನ ಸರ್ವೆ ಠಾಣೆ, ನೆಲದ ಮೇಲೆ ಅದರ ಕಲ್ಲು ಉಳಿದಿದ್ದರೆ.

ಕಾಗದದ್ದೂ ಒಂದು ಪಾಲಿದೆ. ಅದು ಉದ್ದಕ್ಕೂ ಅಗಲಕ್ಕೂ ಒಂದೇ ಸಮ ಕುಗ್ಗುವುದಿಲ್ಲ. ನಾರಿನ ಗುಂಟ ಕಡಿಮೆ, ಅಡ್ಡಕ್ಕೆ ಹೆಚ್ಚು. 60 ಸೆಂ.ಮೀ. ಹಾಳೆ ನೂರಕ್ಕೆ ಒಂದು ಪಾಲು ಕುಗ್ಗಿದರೂ 6 ಮಿ.ಮೀ. ಹೋಯಿತು, ನಿಮ್ಮ ಸ್ಕೇಲಿನಲ್ಲಿ 380 ಮೀಟರ್. ಅದಕ್ಕೇ ಹಳೆಯ ಹಾಳೆಯ ಮೇಲೆ ಅಡಿಪಟ್ಟಿ ಇಟ್ಟು ಅಳೆಯಬಾರದು, ಹಾಳೆಯೊಂದಿಗೇ ಕುಗ್ಗಿರುವ ಅದರ ಸ್ಕೇಲುಗೆರೆಯಿಂದ ಅಳೆಯಬೇಕು; ಆ ಗೆರೆಗೆ ಅಡ್ಡಲಾದ ದಿಕ್ಕಿಗೆ ಅದೂ ಪೂರ್ತಿ ಸಾಲದು. ಎರಡು ದಿಕ್ಕಿನ ಕುಗ್ಗುವಿಕೆಯನ್ನು ಪಾಲಿನಾಮಿಯಲ್ 1 ಸರಿದೂಗಿಸುತ್ತದೆ, ಹೆಲ್ಮರ್ಟ್ ಎಂಬ ಇನ್ನೊಂದು ಆಯ್ಕೆ ಸರಿದೂಗಿಸುವುದಿಲ್ಲ, ಏಕೆಂದರೆ ಅದು ಎರಡಕ್ಕೂ ಒಂದೇ ಸ್ಕೇಲು ಹಿಡಿಯುತ್ತದೆ. ತುಂಡು ಮಾಡಿ ಬಟ್ಟೆಯ ಮೇಲೆ ಅಂಟಿಸಿ ಮಡಿಸುವಂತೆ ಮಾಡಿದ ನಕ್ಷೆಯಾದರೆ, ತುಂಡುಗಳ ನಡುವೆ ಎರಡು ಮೂರು ಮಿ.ಮೀ. ಬಟ್ಟೆ ಬಿಟ್ಟಿರುತ್ತಾರೆ. ಒಂದೊಂದು ತುಂಡನ್ನೂ ಬೇರೆ ಬೇರೆಯಾಗಿ ಕೂರಿಸಬೇಕು. ಮೊಬೈಲಿನಲ್ಲಿ ತೆಗೆದ ಫೋಟೋ ಇದ್ಯಾವುದಕ್ಕೂ ಆಗದು, ಲೆನ್ಸಿನ ಉಬ್ಬು ಬೇರೆ ಸೇರಿಕೊಳ್ಳುತ್ತದೆ. 400 ಡಿಪಿಐನಲ್ಲಿ ಚಪ್ಪಟೆ ಸ್ಕ್ಯಾನ್ ಕೇಳಿ ಪಡೆಯಿರಿ.

ಕೊನೆಗೆ ಆ 22 ಮೀಟರ್. 1:63,360ರಲ್ಲಿ ಅದು 0.35 ಮಿ.ಮೀ., ಚೂಪಾದ ಪೆನ್ಸಿಲಿನ ಒಂದು ಗೆರೆ. ನಕ್ಷೆಯಲ್ಲಿ ರಸ್ತೆಯ ಜೋಡಿಗೆರೆ ಅದರ ನಿಜವಾದ ಅಗಲವಲ್ಲ, ಸಂಕೇತ. ರಸ್ತೆ, ಹಳಿ ಅಕ್ಕಪಕ್ಕ ಓಡಿದರೆ ಎರಡೂ ಸಂಕೇತಕ್ಕೆ ಜಾಗ ಸಾಲದೆ ನಕ್ಷೆಗಾರ ಒಂದನ್ನು ಬದಿಗೆ ತಳ್ಳುತ್ತಾನೆ. ನಿಮ್ಮ ಹಾಳೆಯಲ್ಲಿ ಹಳಿಯನ್ನು ತುರುಕಿದ್ದೇ ಆಮೇಲೆ. ಹೀಗಾಗಿ ಸರಿದದ್ದು ರಸ್ತೆಯೋ ಕೊರೆಯುವವನ ಉಳಿಯೋ, ಈ ಹಾಳೆಯಿಂದ ಯಾರೂ ಹೇಳಲಾರರು. ‘ಸಾಬೀತಾಗುತ್ತದೆ’ ಎಂಬ ಕ್ರಿಯಾಪದಕ್ಕೆ ಇಷ್ಟು ಧೈರ್ಯ ಎಲ್ಲಿಂದ ಬಂತು?

ನನಗೆ ಬೇಸರವಾದದ್ದು ಇದಕ್ಕಲ್ಲ. ಹನ್ನೊಂದನೇ ಪುಟದಲ್ಲಿ, ಹೋಗುತ್ತಾ ಹೋಗುತ್ತಾ ಎಂಬಂತೆ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ: “ಹಿಂದಿನ ಓಣಿಯ ಮನೆಗಳ ಹಿತ್ತಲ ಗೋಡೆಗಳೆಲ್ಲ ಒಂದೇ ಬಾಗಿನಲ್ಲಿವೆ, ಕೊನೆಯ ನಿವೇಶನ ಮೂರುಮೂಲೆಯದು.” ಲೇಖನದ ಚಿನ್ನ ಇದು. ಬೀದಿ ತಿರುಗುವ ಹಾಗೆ ಹಳಿ ತಿರುಗುವುದಿಲ್ಲ. ಅದರ ಬಾಗಿಗೆ ಸಾಮಾನ್ಯವಾಗಿ ಒಂದೇ ತ್ರಿಜ್ಯ ಇರುತ್ತದೆ. ಹೊಲದ ಬದುವಿನ ಬಾಗಿಗೆ ಆ ಶಿಸ್ತು ಇರುವುದಿಲ್ಲ. ಪರೀಕ್ಷೆ ಮಾಡಿ ನೋಡಬಹುದು. ಉಪಗ್ರಹ ಚಿತ್ರದಲ್ಲಿ ಗೋಡೆಸಾಲಿನ ಎರಡು ಬಿಂದುಗಳ ನಡುವೆ ನೇರ ಗೆರೆ ಎಳೆಯಿರಿ. 60 ಮೀಟರ್ ಇದೆ ಎನ್ನಿ. ಆ ಗೆರೆಯ ನಡುವಿನಿಂದ ಗೋಡೆ ಎಷ್ಟು ಉಬ್ಬಿದೆ ಎಂದು ಅಳೆಯಿರಿ. 3 ಮೀಟರ್ ಬಂತು ಎನ್ನಿ. ಉದ್ದದ ವರ್ಗವನ್ನು ಉಬ್ಬಿನ ಎಂಟರಷ್ಟರಿಂದ ಭಾಗಿಸಿ, ಉಬ್ಬಿನ ಅರ್ಧ ಕೂಡಿಸಿ: 3600ನ್ನು 24ರಿಂದ ಭಾಗಿಸಿದರೆ 150, ಜೊತೆಗೆ ಒಂದೂವರೆ, ತ್ರಿಜ್ಯ 151.5 ಮೀಟರ್. ಗೋಡೆಸಾಲಿನ ಗುಂಟ ಮುಂದೆ ಸರಿದು ಇನ್ನೆರಡು ಸಲ ಅಳೆಯಿರಿ. ಮೂರೂ ಹತ್ತಿರ ಹತ್ತಿರ ಬಂದರೆ ಹಳಿ ಅಲ್ಲೇ ಓಡಿದೆ ಎನ್ನಲು ಗಟ್ಟಿ ಆಧಾರ ಸಿಕ್ಕಿತು. ಉಬ್ಬು ತೀರಾ ಚಿಕ್ಕದಾಗಿ ಬಂದರೆ ಅಳತೆಯ ತಪ್ಪೇ ದೊಡ್ಡದಾಗುತ್ತದೆ, ಆಗ ಉದ್ದವಾದ ಗೆರೆ ಹಿಡಿಯಿರಿ.

ಹಳಿ ಮೊದಲೋ ಮನೆ ಮೊದಲೋ ಎಂಬ ನಿಮ್ಮ ಪ್ರಶ್ನೆಗೂ ಆ ಗೋಡೆಗಳೇ ದಾರಿ ತೋರಿಸುತ್ತವೆ. ನಿವೇಶನಗಳ ಪಕ್ಕದ ಗೆರೆಗಳು ಬಾಗಿಗೆ ಲಂಬವಾಗಿ ಬೀಸಣಿಗೆಯಂತೆ ಬಿಚ್ಚಿಕೊಂಡಿದ್ದರೆ, ಹಳಿಯನ್ನು ನೋಡಿಕೊಂಡೇ ನಿವೇಶನ ಮಾಡಿದ್ದಾರೆ. ಗೆರೆಗಳೆಲ್ಲ ಸಮಾಂತರವಾಗಿದ್ದು ಬಾಗು ಅವನ್ನು ಓರೆಯಾಗಿ ಕತ್ತರಿಸಿದ್ದರೆ, ನಿವೇಶನ ಮೊದಲಿತ್ತು, ಹಳಿ ಕೊಯ್ದುಕೊಂಡು ಹೋಯಿತು. ಕೊನೆಯ ಮೂರುಮೂಲೆ ನನಗೆ ಎರಡನೆಯದರ ವಾಸನೆ ಕೊಡುತ್ತಿದೆ, ನಿಮ್ಮ ತೀರ್ಮಾನಕ್ಕೆ ತದ್ವಿರುದ್ಧ. ಆದರೆ ನಾನು ನೆಲ ನೋಡಿಲ್ಲ. ಅಲ್ಲಿನ ಎರಡು ಮೂರು ಮನೆಗಳ ಹಳೆಯ ಕ್ರಯಪತ್ರ ಸಿಕ್ಕರೆ ಚಕ್ಕುಬಂದಿ ಓದಿ. ಹಿಂಬದಿಯ ಎಲ್ಲೆಗೆ ‘ರೈಲ್ವೆ ಜಾಗ’ ಎಂದು ಯಾವ ವರ್ಷದ ಪತ್ರದಲ್ಲಿ ಮೊದಲು ಕಾಣಿಸುತ್ತದೆ, ಅದರ ಹಿಂದಿನ ಪತ್ರದಲ್ಲಿ ಅದೇ ಎಲ್ಲೆಗೆ ಏನಿತ್ತು, ಇಷ್ಟು ಸಾಕು. ಮೈಲಿಗೆ ಆರಂಗುಲದ ಹಾಳೆಯೋ, ಪುರಸಭೆಯ ದೊಡ್ಡ ಸ್ಕೇಲಿನ ಅಳತೆಯೋ, ಹಳಿಗಾಗಿ ಜಾಗ ವಶಪಡಿಸಿಕೊಂಡಾಗಿನ ನಕ್ಷೆಯೋ ಸಿಕ್ಕರೆ ಇನ್ನೂ ಒಳ್ಳೆಯದು.

ಉಳಿದ ಪುಟಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ಮರಳಿ ಕಳಿಸುವಾಗ ಹಿತ್ತಲ ಗೋಡೆಯಿಂದ ಶುರು ಮಾಡಿ, ಎಂಟನೇ ಪುಟ ಕಿತ್ತುಹಾಕಿ, ಆರು ಚಿತ್ರಗಳನ್ನೂ ಅಂಚಿನ ಸಮೇತ ಕಳಿಸಿ. ಮೂರು ತ್ರಿಜ್ಯಗಳನ್ನು ಬೇರೆ ಚೀಟಿಯಲ್ಲಿ ಬರೆದು ಲಗತ್ತಿಸಿ, ನಾನೂ ಅಳೆದು ನೋಡುತ್ತೇನೆ.

ಸಂಪಾದಕ