ಗೋವಾದ ಜಂಬಿಟ್ಟಿಗೆ ಮಣ್ಣಿಗೆ ಕಾಂಪೋಸ್ಟ್ ಒಂದೇ ಸಾಕಾ?

ಪೋಂಡಾ ಹತ್ತಿರ ಅರ್ಧ ಎಕರೆಯಲ್ಲಿ ಸಾವಯವ ತರಕಾರಿ ಮಾಡ್ತೀರಿ, ಮೇ ತಿಂಗಳಲ್ಲಿ ಗೊಬ್ಬರ ಹಾಕಿದರೂ ನವೆಂಬರ್‌ಗೆ ಗಿಡ ಹಳದಿಯಾಗುತ್ತೆ, ಹಸಿರೆಲೆ ಗೊಬ್ಬರದ ಬೆಳೆಯೂ (ಹಸಿರಿದ್ದಾಗಲೇ ಕತ್ತರಿಸಿ ಮಣ್ಣಿಗೆ ಸೇರಿಸೋ ಬೆಳೆ) ಬೇಕಾ ಅಂತ ಕೇಳಿದ್ದೀರಿ. ಬೇಕು. ಆದರೆ ಮೊದಲು ಗೊಬ್ಬರ ಹಾಕೋ ತಿಂಗಳು ಬದಲಿಸಿ.

ನಾನು ಮಾಪುಸಾ ಕಡೆ ತರಕಾರಿ ಬೆಳೆಯೋನು, ಊರು ಬೆಳಗಾವಿ ಜಿಲ್ಲೆ. ಕೆಲಸಕ್ಕೆ ಬರೋರು ಗದಗ, ವಿಜಯಪುರದವರು. ಮುಂಗಾರಿಗೆ ಮುಂಚೆ ತಿಪ್ಪೆಗೊಬ್ಬರ ಹೊಲಕ್ಕೆ ಬಿದ್ದಿರಬೇಕು ಅನ್ನೋದು ಅವರ ಎರೆಹೊಲದ ಲೆಕ್ಕ, ಅಲ್ಲಿಗೆ ಸರಿ. ಇಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜಂಬಿಟ್ಟಿಗೆ ಮಣ್ಣಲ್ಲಿ ನೀರು ಸರ್ರನೆ ಇಳಿಯುತ್ತೆ. ಗೊಬ್ಬರ ಬಿಟ್ಟ ಸಾರಜನಕ, ಪೊಟ್ಯಾಷ್ ಅದರ ಜೊತೆಗೇ ಹೋಗುತ್ತೆ.

ಜೂನ್, ಜುಲೈನಲ್ಲಿ ಹುಲ್ಲು ಬಂದರೆ ಬರಲಿ. ನೋಡೋರು ಸೋಮಾರಿ ಅಂತಾರೆ, ಅನ್ನಲಿ. ಬೀಜ ಕಟ್ಟೋ ಮೊದಲು ಕೊಯ್ದು ಅಲ್ಲೇ ಹಾಸಿ. ಆಗಸ್ಟ್ ಮಧ್ಯಕ್ಕೆ ಮಳೆಯ ಜೋರು ಇಳಿದಾಗ ಹಸಿರೆಲೆ ಗೊಬ್ಬರದ ಸೆಣಬಿನ (ಸನ್‌ಹೆಂಪ್, ಗೋಣಿಚೀಲದ ಸೆಣಬಲ್ಲ) ಬೀಜ ಚೆಲ್ಲಿ, ಎಕರೆಗೆ 20ರಿಂದ 25 ಕಿಲೋ ಲೆಕ್ಕ, ನಿಮಗೆ ಅದರರ್ಧ. ಅಂಗಡಿಯಲ್ಲಿ ‘ತಾಗ್’ ಅಂತ ಕೇಳಿ. ನೀರು ನಿಲ್ಲೋ ತಗ್ಗಿದ್ದರೆ ಅಲ್ಲಿಗೆ ಡಯಂಚ, ಅದೂ ಹಸಿರೆಲೆ ಗೊಬ್ಬರದ ಬೆಳೆಯೇ.

ತಿಂಗಳಾದ ಮೇಲೆ ಒಂದು ಗಿಡ ಸಲಿಕೆಯಲ್ಲಿ ಎತ್ತಿ, ಬೇರು ತೊಳೆದು ನೋಡಿ. ಬೇರಿಗೆ ಅಂಟಿದ ಸಣ್ಣ ಗಂಟು ಉಗುರಿಗೆ ಸುಲಭವಾಗಿ ಬಿಡಬೇಕು, ಸೀಳಿದರೆ ಒಳಗೆ ನಸುಗೆಂಪು ಕಾಣಬೇಕು. ಹಾಗಿದ್ದರೆ ಗಾಳಿಯ ಸಾರಜನಕ ಹಿಡಿಯೋ ಕೆಲಸ ನಡೆದಿದೆ. ಹಸಿರೋ ಕಂದೋ ಇದ್ದರೆ ನಡೆದಿಲ್ಲ, ಮುಂದಿನ ಸಲ ಬೀಜಕ್ಕೆ ರೈಜೋಬಿಯಂ (ಈ ಗಂಟು ಕಟ್ಟೋ ಸೂಕ್ಷ್ಮಜೀವಿ) ಹಚ್ಚಿ. ಬೇರೇ ಉಬ್ಬಿಕೊಂಡು, ಕಿತ್ತರೂ ಬಿಡದ ಗಂಟಾದರೆ ಅದು ಬೇರಿಗೆ ಹತ್ತೋ ಜಂತುಹುಳು (ನೆಮಟೋಡ್). ಬದನೆ, ಬೆಂಡೆಗೆ ಅದು ಬಂದ ಜಾಗದಲ್ಲಿ ಅಲಸಂದೆ ಬೇಡವೇ ಬೇಡ, ಹುಳು ಇನ್ನೂ ಹೆಚ್ಚುತ್ತೆ, ಸೆಣಬಿಗೆ ಕಮ್ಮಿಯಾಗುತ್ತೆ. ಕಾಳೂ ಸಿಗುತ್ತಲ್ಲ ಅನ್ನೋ ಆಸೆಗೆ ಅಲಸಂದೆ ಹಾಕೋರಿದ್ದಾರೆ. ಕಾಳು ಬಲಿಯೋಕೆ ಬಿಟ್ಟರೆ ಸಾರಜನಕದ ದೊಡ್ಡ ಪಾಲು ಕಾಳಿನ ಜೊತೆ ಮನೆಗೆ ಬರುತ್ತೆ, ಮಣ್ಣಿಗಲ್ಲ.

ಹೂ ಶುರುವಾದಾಗ, ಸುಮಾರು 45 ದಿನಕ್ಕೆ, ಸೆಣಬು ಕತ್ತರಿಸಿ ಮಣ್ಣಿಗೆ ಸೇರಿಸಿ. ತಡವಾದರೆ ಕಾಂಡ ನಾರಾಗುತ್ತೆ, ಅದನ್ನು ಕೊಳೆಸೋ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನೇ ಎಳ್ಕೊಳ್ತವೆ. ಎರಡು ವಾರ ಬಿಟ್ಟು ನಾಟಿ.

ಕಾಂಪೋಸ್ಟ್‌ನ ಸರದಿ ಆಗ, ಅಕ್ಟೋಬರ್‌ನಲ್ಲಿ. ಸೆಣಬು ಹೊರಗಿಂದ ರಂಜಕ ತರಲ್ಲ, ಇದ್ದ ರಂಜಕವನ್ನೂ ಈ ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಕಟ್ಟಿಹಾಕಿರುತ್ತೆ. ಅದಕ್ಕೇ ಕಾಂಪೋಸ್ಟನ್ನು ಹೊಲದ ತುಂಬಾ ಚೆಲ್ಲದೆ ಬೇರು ಇಳಿಯೋ ಮಡಿಗೆ, ಗುಣಿಗೆ ಹಾಕಿ. ಮಳೆಗಾಲದಲ್ಲಿ ಗುಡ್ಡೆಗೆ ತಾಡಪಾಲು ಮುಚ್ಚಿಡಿ, ಇಲ್ಲದಿದ್ದರೆ ಅದರ ಸಾರವೂ ಚರಂಡಿಗೆ. ಹಸಿ ಸಗಣಿ ನೇರ ಹಾಕಿದರೆ ಗೊಣ್ಣೆಹುಳುವಿಗೆ ಊಟ ಹಾಕಿದಂಗೆ.

ಇಷ್ಟರ ಮೇಲೂ ಬೇರಲ್ಲಿ ಗಂಟು ಸರಿಯಾಗಿ ಕಟ್ಟದಿದ್ದರೆ ಮಣ್ಣಿನ ಹುಳಿ ಕಾರಣ ಇರಬಹುದು. ಸುಣ್ಣ ಹಾಕಬೇಕಾಗುತ್ತೆ, ಆದರೆ ಎಷ್ಟು ಅನ್ನೋದು ಮಣ್ಣು ಪರೀಕ್ಷೆ ಮಾಡಿಸಿಯೇ ತಿಳೀಬೇಕು, ಅಂದಾಜಿಗೆ ಸುರೀಬೇಡಿ.