ಎಲ್ಲವನ್ನೂ ನಾನೇ ಕಂಪೈಲ್ ಮಾಡಬೇಕು ಎನ್ನುವ ಹಟ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಮೂವತ್ತರ ಆಸುಪಾಸಿನ ಸಿಸ್ಟಂ ಅಡ್ಮಿನ್. ನನ್ನ ಬಳಿ ಸಲಹೆಗೆ ಕರೆತಂದವರು ಹೆಂಡತಿ. ಮನೆಯ ಲ್ಯಾಪ್‌ಟಾಪಿನಲ್ಲಿ ಜೆಂಟೂ ಲಿನಕ್ಸ್: ತಂತ್ರಾಂಶಗಳನ್ನು ಸಿದ್ಧ ರೂಪದಲ್ಲಿ ಹಾಕಿಕೊಳ್ಳದೆ, ಮೂಲ ಕೋಡಿನಿಂದ (ಸೋರ್ಸ್) ನಮ್ಮ ಯಂತ್ರದಲ್ಲೇ ಕಟ್ಟಿಕೊಳ್ಳುವ, ಅಂದರೆ ಕಂಪೈಲ್ ಮಾಡುವ, ಪದ್ಧತಿಯ ಕಾರ್ಯಾಚರಣಾ ವ್ಯವಸ್ಥೆ. ಶನಿವಾರ ಅಪ್‌ಡೇಟ್ ಹಚ್ಚಿದರೆ ಭಾನುವಾರ ಸಂಜೆವರೆಗೂ ಫ್ಯಾನಿನ ಸದ್ದು ನಿಲ್ಲುವುದಿಲ್ಲ, ಇವರು ಸ್ಕ್ರೀನ್ ಬಿಟ್ಟು ಏಳುವುದಿಲ್ಲ. ನೆಂಟರ ಮದುವೆಯೂ ತಪ್ಪಿತ್ತು.

“ರೆಡಿ ಬೈನರಿ, ಅಂದ್ರೆ ಬೇರೆಯವರು ಕಂಪೈಲ್ ಮಾಡಿಟ್ಟದ್ದನ್ನ, ಹಾಕ್ಕೋಬಹುದಲ್ಲ?” ಅಂದೆ.

“ಬೇರೆಯವರು ಬಿಲ್ಡ್ ಮಾಡಿದ್ದನ್ನ ಹೇಗೆ ನಂಬೋದು ಮೇಡಂ?”

ಮಾತಿನಲ್ಲಿ ಹೆಮ್ಮೆಗಿಂತ ಅಂಜಿಕೆ ಹೆಚ್ಚಿತ್ತು. ಕೆದಕಿದಾಗ ತಿಳಿಯಿತು: 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಯುಟಿಲ್ಸ್ ಎಂಬ ಫೈಲ್ ಕುಗ್ಗಿಸುವ ತಂತ್ರಾಂಶದಲ್ಲಿ ಬ್ಯಾಕ್‌ಡೋರ್ (ಕದ್ದು ನುಗ್ಗಲು ಇಟ್ಟ ಗುಪ್ತ ದಾರಿ) ಬಯಲಾದಾಗಿನಿಂದ ಹಟ ಬಲಿತಿದೆ. (ಈ ವೃತ್ತಿಗೆ ಬರುವ ಮುಂಚೆ ನಾನೂ ಸರ್ವರ್ ರೂಮಿನಲ್ಲಿ ದುಡಿದವಳು, ಹಾಗಾಗಿ ಮಾತು ಮುಂದುವರಿಯಿತು.) ಆ ಬ್ಯಾಕ್‌ಡೋರ್ ಬಂದದ್ದೇ ಸೋರ್ಸ್ ಟಾರ್‌ಬಾಲಿನಲ್ಲಿ, ಅಂದರೆ ಮೂಲ ಕೋಡಿನ ಕಟ್ಟಿನಲ್ಲಿ. ಟೆಸ್ಟ್ ಫೈಲುಗಳಲ್ಲಿ ಅಡಗಿಸಿಟ್ಟ ಕೋಡನ್ನು ಬಿಲ್ಡ್ ಸ್ಕ್ರಿಪ್ಟೇ ಕಂಪೈಲ್ ಹೊತ್ತಿನಲ್ಲಿ ಎಳೆದು ಸೇರಿಸುತ್ತಿತ್ತು. ಅದೂ ಬೇರೆ ಲಿನಕ್ಸ್‌ಗಳು ಬಳಸುವ ಡೆಬಿಯನ್ ಅಥವಾ ಆರ್‌ಪಿಎಂ ಮಾದರಿಯ ಪ್ಯಾಕೇಜ್ ಕಟ್ಟುವಾಗ ಮಾತ್ರ. ಜೆಂಟೂ ಆ ಗುರಿಯಲ್ಲಿರಲಿಲ್ಲ, ಅಷ್ಟೇ; ತಾವೇ ಕಂಪೈಲ್ ಮಾಡಿದ್ದರಿಂದ ಉಳಿದದ್ದಲ್ಲ.

“ಕಂಪೈಲ್ ಮಾಡೋ ಕೋಡನ್ನ ಓದ್ತೀರಾ?” ಅಂತ ಕೇಳಿದೆ. ಪಕ್ಕದಲ್ಲಿದ್ದ ಹೆಂಡತಿ ನಕ್ಕರು. ಗಂಡ ನಗಲಿಲ್ಲ.

ನಾನು ಕೊಟ್ಟ ಸಲಹೆಯಲ್ಲಿ ಜೆಂಟೂ ಬಿಡುವ ಮಾತಿರಲಿಲ್ಲ. ಅವರ ಸಂತೋಷ ಅದರಲ್ಲಿದೆ, ಅದನ್ನು ಕಿತ್ತುಕೊಳ್ಳುವುದು ಚಿಕಿತ್ಸೆಯಲ್ಲ. 2023ರ ಡಿಸೆಂಬರ್ ಕೊನೆಯಿಂದ ಜೆಂಟೂವೇ ಲಿಬ್ರೆಆಫೀಸ್, ಕೆಡಿಇ ಪ್ಲಾಸ್ಮಾದಂಥ ಭಾರೀ ಪ್ಯಾಕೇಜುಗಳ ಬೈನರಿ ಕೊಡುತ್ತಿದೆ. ನಿಮ್ಮ ಯೂಸ್ ಫ್ಲ್ಯಾಗ್ (ಪ್ಯಾಕೇಜಿನಲ್ಲಿ ಯಾವ ಸೌಲಭ್ಯ ಬೇಕು, ಯಾವುದು ಬೇಡ ಎನ್ನುವ ಆಯ್ಕೆ) ಅದಕ್ಕೆ ಹೊಂದದಿದ್ದರೆ ಜೆಂಟೂವಿನ ಪ್ಯಾಕೇಜ್ ನಿರ್ವಾಹಕ ಪೋರ್ಟೇಜ್ ತಾನೇ ಸೋರ್ಸ್‌ನಿಂದ ಕಟ್ಟುತ್ತದೆ. ಎಂದರೆ ಎರಡರಲ್ಲಿ ಒಂದನ್ನೇ ಆರಿಸಬೇಕಾದ ಇಕ್ಕಟ್ಟು ಅಲ್ಲಿಲ್ಲ. ನೀವು ಯಾವ ಪ್ಯಾಕೇಜಿನ ಫ್ಲ್ಯಾಗ್ ಬದಲಿಸಿದ್ದೀರೋ ಅದರ ಮುಂದೆ ಕಾರಣ ಬರೆಯಿರಿ. ಕಾರಣ ಹೊಳೆಯದಿದ್ದರೆ ಫ್ಲ್ಯಾಗ್ ತೆಗೆದು ಬೈನರಿ ಹಾಕಿ, ಎಂದೆ. “ನನ್ನ ಪ್ರೊಸೆಸರಿಗೆ ತಕ್ಕಂತೆ ಕಂಪೈಲ್ ಮಾಡಿದ್ರೆ ವೇಗ ಜಾಸ್ತಿ” ಅಂದರು. ಪತ್ರ ಟೈಪಿಸುವಾಗ ಆ ವೇಗ ಎಲ್ಲಿ ಕಾಣುತ್ತದೆ?

ಇದಕ್ಕಿಂತ ಕಷ್ಟದ ಸಲಹೆ ಇನ್ನೊಂದಿತ್ತು: ಬಿಲ್ಡ್ ಓಡುವಾಗ ಎದ್ದು ಹೋಗಬೇಕು. ಕೂತು ಕಾಯುವುದೇ ಆತಂಕವನ್ನು ಸಾಕುತ್ತದೆ. ರಾತ್ರಿ ಹಚ್ಚಿ ಮಲಗಿ, ಕೆಟ್ಟರೆ ಬೆಳಿಗ್ಗೆ ಲಾಗ್ ನೋಡಿದರಾಯಿತು. “ಹುಚ್ಚು” ಎಂಬ ಮಾತನ್ನು ಬಿಡುವಂತೆ ಹೆಂಡತಿಗೂ ಹೇಳಿದೆ.

ಮುಂದಿನ ಭೇಟಿಗೆ ಪಟ್ಟಿ ತಂದಿದ್ದರು. ಕರ್ನಲ್ (ವ್ಯವಸ್ಥೆಯ ತಿರುಳು), ಎಫ್‌ಎಫ್‌ಎಂಪೆಗ್ (ವಿಡಿಯೋ, ಆಡಿಯೋ ತಂತ್ರಾಂಶ) ಮತ್ತಿತರ ಕೆಲವು ಸೋರ್ಸ್‌ನಲ್ಲೇ ಉಳಿದಿದ್ದವು, ಕಾರಣ ಸಮೇತ. ಎದ್ದು ಹೋಗುವುದು ಮಾತ್ರ ಇನ್ನೂ ಕೈಗೂಡಿಲ್ಲ. ಫೋನಿನಿಂದ ಲಾಗಿನ್ ಆಗಿ ಇಣುಕುತ್ತಾರಂತೆ.