ಅಡಿಕೆ ತೋಟಕ್ಕೆ ನೀರಿನ ಸೆನ್ಸರ್ ನಾವೇ ಮಾಡಬಹುದಾ?

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೀರಿ, ಚನ್ನಗಿರಿ ಕಡೆ ಮನೆಯ ಅಡಿಕೆ ತೋಟವಿದೆ, ಮರದ ಬೆಳವಣಿಗೆ ಮತ್ತು ನೀರಿನ ಕೊರತೆ ಅಳೆಯಲು ಕಾಂಡಕ್ಕೆ ಡೆಂಡ್ರೋಮೀಟರ್ (ಕಾಂಡದ ದಪ್ಪ ಎಷ್ಟು ಹಿಗ್ಗಿತು, ಕುಗ್ಗಿತು ಅಂತ ಅಳೆಯುವ ಸಾಧನ) ಕಟ್ಟಬಹುದಾ ಅಂತ ಕೇಳಿದ್ದೀರಿ.

ಅಡಿಕೆಗೆ ಬೇಡ. ಅದು ತಾಳೆಯ ಬಳಗದ್ದು. ಮಾವು, ದಾಳಿಂಬೆಯ ಹಾಗೆ ಕಾಂಡವನ್ನು ವರ್ಷವರ್ಷ ದಪ್ಪಗೆ ಮಾಡುವ ಕೇಂಬಿಯಂ ಪದರ ಅದಕ್ಕಿಲ್ಲ. ಬೆಳವಣಿಗೆ ಬೇಕಿದ್ದರೆ ಹಾಳೆ ಬಿದ್ದ ಉಂಗುರಗಳನ್ನು ಎಣಿಸಿ, ಬ್ಯಾಟರಿಯೂ ಬೇಡ.

ನಾನು ಕಟ್ಟಿದ್ದು ಹೊಸದುರ್ಗದ ನಮ್ಮ ದಾಳಿಂಬೆಗೆ. ಕಾಂಡ ಬೆಳಗಿನ ಜಾವ ಉಬ್ಬಿರುತ್ತದೆ, ಮಧ್ಯಾಹ್ನ ಎಲೆಗಳು ನೀರೆಳೆದಾಗ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಲೆಕ್ಕದಲ್ಲಿ ಕುಗ್ಗುತ್ತದೆ. ನೀರು ಸಾಲದಿದ್ದರೆ ಇನ್ನೂ ಜಾಸ್ತಿ. ಮೊದಲ ವಾರವೇ ಗ್ರಾಫ್ ಪಾಠದಲ್ಲಿದ್ದ ಹಾಗೇ ಬಂತು, ಖುಷಿಯೋ ಖುಷಿ. ಆದರೆ ಅಪ್ಪ ರಾತ್ರಿಯಿಡೀ ಡ್ರಿಪ್ ಬಿಟ್ಟ ಮರುದಿನವೂ ಅಷ್ಟೇ ಕುಗ್ಗಿತು. ಅನುಮಾನ ಬಂದು ಬಿಚ್ಚಿ ಒಂದು ಕಲ್ಲಿನ ತುಂಡಿಗೆ ಕಟ್ಟಿದೆ. ಕಲ್ಲಿಗೂ ಮಧ್ಯಾಹ್ನ ಬಾಯಾರಿಕೆ! ಹಿಗ್ಗುತ್ತಿದ್ದದ್ದು ನನ್ನ ಅಲ್ಯೂಮಿನಿಯಂ ಚೌಕಟ್ಟು. 10 ಸೆಂ.ಮೀ. ಪಟ್ಟಿ 20 ಡಿಗ್ರಿ ಕಾದರೆ ಸುಮಾರು 46 ಮೈಕ್ರಾನ್ ಉದ್ದವಾಗುತ್ತದೆ. ಈಗ ಚೌಕಟ್ಟಿಗೇ ಒಂದು ತಾಪಮಾನ ಸೆನ್ಸರ್ ಅಂಟಿಸಿ ಆ ಹಿಗ್ಗನ್ನು ಲೆಕ್ಕದಲ್ಲಿ ಸರಿದೂಗಿಸುತ್ತೇನೆ. ನೀವು ಏನೇ ಮಾಡಿ, ಮೊದಲು ಕಲ್ಲಿಗೆ ಕಟ್ಟಿ ನೋಡಿ.

ಅಡಿಕೆಗೆ ಮಣ್ಣಿನ ತೇವ ಅಳೆಯುವುದೇ ವಾಸಿ. ಎರಡು ಕಡ್ಡಿಯ ರೆಸಿಸ್ಟಿವ್ ಸೆನ್ಸರ್ ತರಬೇಡಿ, ಕರೆಂಟ್ ಹರಿದೂ ಹರಿದೂ ಲೋಹ ಸವೆದುಹೋಗುತ್ತದೆ. ಕೆಪ್ಯಾಸಿಟಿವ್ ತನ್ನಿ: ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ (ಚಾರ್ಜ್ ಹಿಡಿದಿಡಲು ಎಷ್ಟು ನೆರವಾಗುತ್ತದೆ ಅನ್ನುವ ಅಳತೆ) ಸುಮಾರು 80, ಒಣಮಣ್ಣಿನದು 3ರಿಂದ 5, ಆ ಅಂತರವನ್ನೇ ಅದು ಅಳೆಯುವುದು. ಮೇಲಿನ ಸರ್ಕ್ಯೂಟ್ ಭಾಗಕ್ಕೆ ನೀರು ತಾಗದ ಹಾಗೆ ಎಪಾಕ್ಸಿ ಅಂಟು ಬಳಿಯಿರಿ. ರೀಡಿಂಗ್ ಓದಲು ಬಳಸುವ ಬೋರ್ಡ್ ಇಎಸ್‌ಪಿ32 (ವೈಫೈ ಇರುವ ಪುಟ್ಟ ಕಂಟ್ರೋಲರ್) ಆದರೆ 32ರಿಂದ 39ರ ಪಿನ್‌ಗಳಿಗೇ ತಂತಿ ಕೊಡಿ. ವೈಫೈ ಆನ್ ಇದ್ದಾಗ ಉಳಿದ ಅನಲಾಗ್ ಪಿನ್‌ಗಳು ಕೈಕೊಡುತ್ತವೆ (ಇದು ಗೊತ್ತಾಗಲು ನನಗೆ ಎರಡು ಸಂಜೆ ಬೇಕಾಯಿತು).

ಕೋಡ್ ಬರೆಯುವ ಮುಂಚೆ ನಿಮ್ಮ ಕಾಲೇಜಿನ ಸಿವಿಲ್ ವಿಭಾಗದವರನ್ನು ಓವನ್ ಕೇಳಿ. ನಿಮ್ಮದೇ ತೋಟದ ಮಣ್ಣನ್ನು 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ, ಡಬ್ಬಿಗೆ ತುಂಬಿ, ಅಳೆದು ಅಳೆದು ನೀರು ಕಲಸುತ್ತಾ ರೀಡಿಂಗ್ ಬರೆದುಕೊಳ್ಳಿ. ತೇವ ಹೆಚ್ಚಿದ ಹಾಗೆ ವೋಲ್ಟೇಜ್ ಇಳಿಯುತ್ತದೆ, ಸೆನ್ಸರ್ ಕೆಟ್ಟಿದೆ ಅಂತ ಎಸೆಯಬೇಡಿ.

ಮಣ್ಣು ಕೆಂಪೋ ಎರೆಯೋ ನೀವು ಬರೆದಿಲ್ಲ. ಎರೆಯಾದರೆ ಬೇಸಿಗೆಯಲ್ಲಿ ಬಿರುಕು ಬಿಟ್ಟು ಸೆನ್ಸರ್ ಪಕ್ಕ ಗಾಳಿ ಸೇರಿಕೊಳ್ಳುತ್ತದೆ, ಬುಡ ಒದ್ದೆಯಿದ್ದರೂ ಒಣಗಿದೆ ಅನ್ನುತ್ತದೆ. ಅದೇ ಮಣ್ಣನ್ನು ರಾಡಿ ಮಾಡಿ ಸುತ್ತ ಸುರಿದು ಹೂಳಿ, ತಿಂಗಳಿಗೊಮ್ಮೆ ಕೆದಕಿ ನೋಡಿ.